ಕಂಬ ನೋಡು, ತಂತಿ ಹುಡುಕಬೇಡ

ಇಪ್ಪತ್ತೆರಡು ಸೆಕೆಂಡಿನ ವಿಡಿಯೋ ಅದು. ಅಮೆರಿಕದ ಯಾವುದೋ ಬಯಲು. ಹಳದಿ ಬಣ್ಣದ ವಿಮಾನವೊಂದು ಬೆಳೆಯ ತಲೆ ಸವರಿಕೊಂಡು ಬರುತ್ತೆ, ಔಷಧಿ ಹೊಡೆಯುತ್ತಲೇ ಕರೆಂಟ್ ತಂತಿಯ ಕೆಳಗೆ ನುಸುಳುತ್ತೆ, ಬದುವಿನ ಮರಕ್ಕೆ ಇನ್ನೇನು ಬಡೀತು ಅನ್ನುವಾಗ ಚಂಗನೆ ಮೇಲೇಳುತ್ತೆ. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಯೋಕೆ ಒಂದು ನಿಮಿಷ ಬಾಕಿ ಇತ್ತು. ಸಿನಿಮಾ ಫೈಟ್‌ಗೆ ಬಳಸುವಂಥ ಮ್ಯೂಸಿಕ್ ಹಾಕಿ ಓಡಿಸಿದೆವು. ನಾನೂ ಸುಮ್ಮನಿರದೆ, 'ಈ ಪೈಲಟ್ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಗಾಡಿ ಓಡಿಸಿ ಕಲಿತಿರಬೇಕು' ಅಂತ ನಕ್ಕು ನಮಸ್ಕಾರ ಹೇಳಿದೆ.

ಮರುದಿನ ಆಫೀಸಿಗೆ ಒಂದು ಫೋನ್. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಕೋಪ ಇರಲಿಲ್ಲ, ಬೇಸರ ಇತ್ತು. 'ನೀವು ಇಂಜಿನಿಯರಿಂಗ್ ಓದಿದೋರಂತೆ. ನಿನ್ನೆ ತೋರಿಸಿದ್ರಲ್ಲ, ಅದರಲ್ಲಿ ಎಷ್ಟು ತಂತಿ ಇದ್ವು ಹೇಳಿ ನೋಡೋಣ.'

'ಮೂರು ಸರ್' ಅಂದೆ.

'ಇನ್ನೊಂದು ಸಲ ನೋಡಿ, ಆಮೇಲೆ ಫೋನ್ ಮಾಡಿ' ಅಂದು ಇಟ್ಟೇಬಿಟ್ಟರು.

ಎಡಿಟಿಂಗ್ ಟೇಬಲ್ಲಿಗೆ ಹೋಗಿ ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿದೆ. ಮೂರು ತಂತಿ ಸ್ಪಷ್ಟ. ಅವುಗಳ ಮೇಲೆ, ಕಂಬದ ತುದಿಯಿಂದ ತುದಿಗೆ, ಕೂದಲೆಳೆಯಂಥ ನಾಲ್ಕನೆಯದು. ಬಿಸಿಲು ಒಂದು ಕೋನದಲ್ಲಿ ಬಿದ್ದ ಎರಡೋ ಮೂರೋ ಫ್ರೇಮಿನಲ್ಲಿ ಮಾತ್ರ ಅದು ಮಿಂಚಿ ಮಾಯ. ದೊಡ್ಡ ಲೈನುಗಳಲ್ಲಿ ಸಿಡಿಲು ಬಡಿದರೆ ತಾನು ತಗೊಂಡು ಭೂಮಿಗಿಳಿಸೋಕೆ ಹಾಕುವ ಅರ್ಥ್ ವೈರ್. ಕರೆಂಟ್ ಹರಿಯುವ ತಂತಿಗಿಂತ ಸಾಮಾನ್ಯವಾಗಿ ತೆಳು. ಪೈಲಟ್ ಕೆಳಗಿನ ಮೂರನ್ನು ನೋಡಿ, 'ಇವನ್ನ ದಾಟಿದೆ' ಅಂತ ಮೇಲೇರಿ ಹೋದರೆ ನೇರ ಹೋಗಿ ಸಿಕ್ಕಿಕೊಳ್ಳೋದು ಇದಕ್ಕೇ. ನಾನು ನಕ್ಕಿದ್ದು ಇದನ್ನು ನೋಡಿ.

ಹಾಗಾಗಿ ಆ ನಗುವಿನ ಪ್ರಾಯಶ್ಚಿತ್ತ ಅಂದ್ಕೊಳ್ಳಿ, ಈ ಕಂತು.

ಮೊದಲು ಒಂದು ಪ್ರಶ್ನೆ. ಅಷ್ಟು ಕೆಳಗೆ ಯಾಕೆ ಹಾರಬೇಕು? ಶೋಕಿಗಾ? ಆಕಾಶ ಇಷ್ಟು ದೊಡ್ಡದಿದೆಯಲ್ಲ, ಐವತ್ತು ಅಡಿ ಮೇಲಿಂದ ಹೊಡೆದರೆ ಏನು ಕಳ್ಕೊಳ್ತಾನೆ?

ನಮ್ಮಪ್ಪ ಹಾವೇರಿ ಕಡೆಯ ಹೊಲದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಹತ್ತಿಗೆ ಎಣ್ಣೆ ಹೊಡೀತಿದ್ರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. 'ಗಾಳಿ ಬೆನ್ನಿಗಿರಬೇಕು, ಮಾರಿಗಲ್ಲ' ಅಂತಿದ್ರು. ಇಡೀ ವಿಷಯದ ವಿಜ್ಞಾನ ಆ ಮಾತಿನಲ್ಲೇ ಇದೆ. ಸಿಂಪಡಿಸಿದ ಹನಿ ಚಿಕ್ಕದಿದ್ದಷ್ಟೂ ನಿಧಾನ ಬೀಳುತ್ತೆ. ತಲೆಗೂದಲಿನ ದಪ್ಪದ ಒಂದು ಹನಿ ತಗೊಳ್ಳಿ, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದು ಸೆಕೆಂಡಿಗೆ ಹೆಚ್ಚುಕಡಿಮೆ ಕಾಲು ಮೀಟರ್ ಕೆಳಗಿಳಿಯುತ್ತೆ. ಮೂರು ಮೀಟರ್ ಎತ್ತರದಿಂದ ಬಿಟ್ಟರೆ ನೆಲ ಮುಟ್ಟೋಕೆ ಸುಮಾರು 12 ಸೆಕೆಂಡ್. ಹದಿನೈದು ಮೀಟರಿನಿಂದ ಬಿಟ್ಟರೆ 60 ಸೆಕೆಂಡ್. ಆಗ ಸೆಕೆಂಡಿಗೆ ಎರಡು ಮೀಟರಿನ ಸಣ್ಣ ಗಾಳಿ ಇದ್ದರೂ ಸಾಕು. ಮೊದಲನೆಯದು 24 ಮೀಟರ್ ಪಕ್ಕಕ್ಕೆ ಸರಿಯುತ್ತೆ, ಎರಡನೆಯದು 120 ಮೀಟರ್. 120 ಮೀಟರ್ ಆಚೆ ಯಾರದ್ದಿರುತ್ತೆ? ಪಕ್ಕದವನ ಹೊಲ, ಬಾವಿ, ಶಾಲೆ, ಅಂಗಳದಲ್ಲಿ ಒಣಗೋಕೆ ಹಾಕಿದ ಬಟ್ಟೆ.

ಇದು ಲೆಕ್ಕದ ಪುಸ್ತಕದ ಮಾತಲ್ಲ. ಕನ್ನಡಿಗರಿಗೆ ಇದರ ಬೆಲೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಕನ್ನಡ, ತುಳು ಮಾತಾಡುವ ಪಡ್ರೆಯಂಥ ಊರುಗಳು ಅದರ ಕೆಳಗಿದ್ದವು. ಗಡಿಯ ಈಚೆ ದಕ್ಷಿಣ ಕನ್ನಡದಲ್ಲಿ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಅದೇ ಗೇರು, ಅದೇ ಔಷಧಿ. ಅದು ಗುಡ್ಡ, ಕಣಿವೆ, ತೋಡುಗಳ ನಾಡು. ಗುಡ್ಡದ ಏರಿಳಿತಕ್ಕೆ ಸರಿಯಾಗಿ ಮರದ ತಲೆಗೆ ಅಂಟಿಕೊಂಡು ಹಾರೋದು ಅಲ್ಲಿ ಸುಲಭವಲ್ಲ. ಮೇಲಿಂದ ಬಿಟ್ಟರೆ ಗಾಳಿ ಕೊಂಡೊಯ್ದಲ್ಲಿಗೆ ಹೋಯಿತು. ಪತ್ರಕರ್ತ ಶ್ರೀ ಪಡ್ರೆ, ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ಇದನ್ನು ಎತ್ತಿ ಹೇಳಿ ಎಷ್ಟೋ ವರ್ಷ ಆದ ಮೇಲೆ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿತು. ಆ ಕಥೆಗೆ ಬೇರೆಯೇ ಕಂತು ಬೇಕು. ಇಲ್ಲಿ ಹೇಳಬೇಕಾದ್ದು ಇಷ್ಟೇ: ಎತ್ತರದಿಂದ ಹೊಡೆದರೆ ಅಪಾಯ ಕೆಳಗಿರೋರಿಗೆ. ತಗ್ಗಿ ಹಾರಿದರೆ ಅಪಾಯ ಮೇಲಿರೋನಿಗೆ. ಆ ಹಳದಿ ವಿಮಾನದ ಪೈಲಟ್ ತಗ್ಗಿ ಹಾರ್ತಿದ್ದದ್ದು ಪಕ್ಕದ ಹೊಲದವನ ಅಪಾಯವನ್ನು ತನ್ನ ಮೇಲೆ ಹಾಕ್ಕೊಂಡು.

ಸರಿ, ಅವನ ಅಪಾಯ ಎಷ್ಟು ದೊಡ್ಡದು? ಈ ವಿಮಾನಗಳು ಔಷಧಿ ಹೊಡೆಯುವಾಗ ಗಂಟೆಗೆ 200ರಿಂದ 225 ಕಿಲೋಮೀಟರ್ ವೇಗದಲ್ಲಿರುತ್ತವೆ. ನೆಲದಿಂದ ಮೂರು ನಾಲ್ಕು ಮೀಟರ್, ಅಂದರೆ ನಿಮ್ಮ ಮನೆಯ ತಾರಸಿಯ ಎತ್ತರ. ಒಂದು ಎಕರೆ ಚೌಕ ಹೊಲದ ಒಂದು ಬದಿ ಸುಮಾರು 64 ಮೀಟರ್. ಲೆಕ್ಕ ಹಾಕಿ: ಒಂದು ಸೆಕೆಂಡಿಗೆ ಒಂದು ಎಕರೆ ದಾಟಿರ್ತಾನೆ. ಸೀನಿದರೆ ಒಂದೆಕರೆ. ನಳಿಕೆಯೊಂದು ಕಟ್ಟಿಕೊಂಡಿತಾ ಅಂತ ತಿರುಗಿ ನೋಡಿದರೆ ಎರಡೆಕರೆ.

ಇನ್ನು ತಂತಿ. ಒಂದು ಸೆಂಟಿಮೀಟರ್ ದಪ್ಪದ ತಂತಿ ಬರೀ ಆಕಾಶದ ಎದುರು ಇದ್ದರೆ ದೂರದಿಂದಲೇ ಗೆರೆಯಾಗಿ ಕಾಣುತ್ತೆ. ಅದೇ ತಂತಿ ಹಸಿರು ಬೆಳೆ, ಮಣ್ಣು, ಮರದ ಸಾಲಿನ ಎದುರು ಬಂದರೆ ಕಣ್ಣಿಗೆ ಅದು ಇಲ್ಲವೇ ಇಲ್ಲ. ಹೊಸ ಅಲ್ಯೂಮಿನಿಯಂ ತಂತಿ ಹೊಳೆಯುತ್ತೆ, ವರ್ಷಗಳು ಕಳೆದಂತೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಪೂರ್ವದಿಂದ ಬರುವಾಗ ಕಂಡದ್ದು ಪಶ್ಚಿಮದಿಂದ ಬರುವಾಗ ಕಾಣಲ್ಲ. ಅದು ಇದ್ದಲ್ಲೇ ಇರುತ್ತೆ ಅಂತಲೂ ಇಲ್ಲ. ಬಿಸಿಲಿಗೆ ತಂತಿ ಹಿಗ್ಗಿ ಜೋತು ಬೀಳುತ್ತೆ. ಬೆಳಿಗ್ಗೆ ಅದರ ಕೆಳಗೆ ಇದ್ದ ಸಂದು ಮಧ್ಯಾಹ್ನ ಅಷ್ಟೇ ಇರಲ್ಲ. ಮೇಲಾಗಿ ಔಷಧಿ ಹೊಡೆಯೋಕೆ ಗಾಳಿ ಕಡಿಮೆ ಇರುವ ಹೊತ್ತು ಬೇಕು. ಅದು ಸೂರ್ಯ ಹುಟ್ಟುವಾಗ, ಮುಳುಗುವಾಗ. ಬಿಸಿಲು ನೇರ ಮುಖಕ್ಕೆ.

ಅದಕ್ಕೇ ಈ ಕೆಲಸದಲ್ಲಿ ಪಳಗಿದವರು ತಂತಿ ಹುಡುಕಲ್ಲ, ಕಂಬ ಹುಡುಕ್ತಾರೆ. ಕಂಬದ ತಲೆಯ ಅಡ್ಡಪಟ್ಟಿ ಯಾವ ಕಡೆ ಮುಖ ಮಾಡಿದೆ, ಪಿಂಗಾಣಿ ಎಷ್ಟಿದೆ ಅಂತ ನೋಡಿ, ತಂತಿ ಎಲ್ಲಿ ಹೋಗಿರಬೇಕು ಅಂತ ಮನಸ್ಸಿನಲ್ಲೇ ಗೆರೆ ಎಳ್ಕೋತಾರೆ. ಹೊಲದ ನಡುವೆ ಪಂಪ್‌ಸೆಟ್ ಮನೆ ಇದೆಯಾ? ಹಾಗಾದರೆ ಎಲ್ಲಿಂದಲೋ ಕರೆಂಟ್ ಬಂದಿರಲೇಬೇಕು, ಎಲ್ಲಿಂದ? ಇದು ನೋಟವಲ್ಲ, ಊಹೆ.

ಇಷ್ಟು ಗೊತ್ತಿದ್ದೂ ಯಾಕೆ ಬಡೀತಾರೆ? ನಾನು ಓದಿದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆಯ ಒಂದು ಅಂಕಿ. ಅಲ್ಲಿ ತಂತಿಗೆ ಬಡಿದ ಪ್ರಕರಣಗಳನ್ನು ಕಲೆಹಾಕಿ ನೋಡಿದರೆ, ನೂರಕ್ಕೆ 63ರಷ್ಟು ಪೈಲಟ್‌ಗಳಿಗೆ ಆ ತಂತಿ ಅಲ್ಲಿದೆ ಅಂತ ಮೊದಲೇ ಗೊತ್ತಿತ್ತು. ಗೊತ್ತಿತ್ತು! ಹಾರೋಕೆ ಮುಂಚೆ ಹೊಲದ ಮೇಲೆ ಒಂದು ಸುತ್ತು ಹಾಕಿ ನೋಡಿಕೊಂಡಿದ್ದರು. ಆಮೇಲೆ ಹತ್ತು ಸಾಲು, ಇಪ್ಪತ್ತು ಸಾಲು, ಹೋಗು, ತಿರುಗು, ಬಾ. ಗಾಳಿ ಸ್ವಲ್ಪ ದಿಕ್ಕು ಬದಲಿಸಿತು, ಔಷಧಿ ಮುಗಿಯುತ್ತಾ ಬಂತು, ಒಂದು ಮೂಲೆ ಬಿಟ್ಟುಹೋಗಿತ್ತು, 'ಅದೊಂದು ಹೊಡೆದು ಹೋಗೋಣ' ಅಂದ. ಮನಸ್ಸು ಆ ಮೂಲೆಗೆ ಹೋಯಿತು, ತಂತಿ ಮನಸ್ಸಿನಿಂದ ಹೋಯಿತು.

ಮನೆಯಿಂದ ಹೊರಟು ಗ್ಯಾಸ್ ಆಫ್ ಮಾಡಿದೆನಾ ಅಂತ ಅರ್ಧ ದಾರಿಯಲ್ಲಿ ನೆನಪಾಗುತ್ತಲ್ಲ, ಅದೇ ಮರೆವು. ನಮಗೆ ವಾಪಸ್ ಹೋಗಿ ನೋಡೋಕೆ ಸಮಯ ಇರುತ್ತೆ.

ತಂತಿಯಷ್ಟೇ ದೊಡ್ಡ ಶತ್ರು ಇನ್ನೊಂದಿದೆ. ಅದು ಆ ತಿರುವು. ಸಾಲು ಮುಗಿದ ಮೇಲೆ ವಿಮಾನ ಎದ್ದು, ಓರೆಯಾಗಿ ತಿರುಗಿ, ಮತ್ತೆ ಅದೇ ಹೊಲಕ್ಕೆ ಇಳಿಯಬೇಕು. ವಿಮಾನ ಓರೆಯಾದಾಗ ರೆಕ್ಕೆ ಬರೀ ತೂಕ ಹೊತ್ತರೆ ಸಾಲದು, ತಿರುಗಿಸೋ ಕೆಲಸವನ್ನೂ ಮಾಡಬೇಕು. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಯ ಮೇಲಿನ ಭಾರ ಎರಡು ಪಟ್ಟು. ಎಷ್ಟು ವೇಗಕ್ಕಿಂತ ಕೆಳಗೆ ಹೋದರೆ ರೆಕ್ಕೆ ಎತ್ತೋದನ್ನು ಬಿಟ್ಟುಬಿಡುತ್ತೋ ಆ ಮಿತಿ ನೂರಕ್ಕೆ 41ರಷ್ಟು ಏರುತ್ತೆ. ಇದಕ್ಕೆ ಸ್ಟಾಲ್ ಅಂತಾರೆ. ಎಂಜಿನ್ ನಿಲ್ಲೋದಲ್ಲ ಅದು, ರೆಕ್ಕೆ ಕೈಕೊಡೋದು. ಎಂಜಿನ್ ಗುಡುಗುತ್ತಲೇ ಇರುತ್ತೆ, ವಿಮಾನ ಕಲ್ಲಿನ ಹಾಗೆ ಬೀಳುತ್ತೆ. ಎತ್ತರದಲ್ಲಿದ್ದರೆ ಮೂಗು ಕೆಳಗೆ ಮಾಡಿ ವೇಗ ಗಳಿಸಿ ಸುಧಾರಿಸಿಕೊಳ್ಳಬಹುದು. ಹೊಲದ ಮೇಲೆ ಐವತ್ತು ಅರವತ್ತು ಮೀಟರಿನಲ್ಲಿ ಆ ಸಾಲ ಕೊಡೋರು ಯಾರೂ ಇಲ್ಲ. ಟ್ಯಾಂಕ್ ಆಗ ತಾನೇ ತುಂಬಿಸಿಕೊಂಡು ಬಂದಿದ್ದರೆ, ಮಧ್ಯಾಹ್ನದ ಬಿಸಿಗೆ ಗಾಳಿ ತೆಳುವಾಗಿದ್ದರೆ ಇನ್ನೂ ಕಷ್ಟ. ಅದಕ್ಕೇ ಈ ವಿಮಾನಗಳಲ್ಲಿ ಒಂದು ಹಿಡಿ ಇರುತ್ತೆ. ಎಳೆದರೆ ಟ್ಯಾಂಕಿನ ಬಾಗಿಲು ಪೂರ್ತಿ ತೆರೆದು, ಇದ್ದ ಔಷಧಿ ಅಷ್ಟೂ ಕೆಲವೇ ಸೆಕೆಂಡಿನಲ್ಲಿ ಕೆಳಗೆ. ದುಡ್ಡು ಹೋಗುತ್ತೆ, ಬೆಳೆ ಸುಟ್ಟುಹೋಗಬಹುದು, ಪ್ರಾಣ ಉಳಿಯುತ್ತೆ. ಆ ಹಿಡಿ ಎಳೆಯೋಕೆ ಅರ್ಧ ಸೆಕೆಂಡ್ ಹಿಂದೆಮುಂದೆ ನೋಡಿದವನಿಗೆ ಅದೂ ಇಲ್ಲ.

ಅಮೆರಿಕದಲ್ಲಿ 2013ರ ಒಂದೇ ವರ್ಷ ಕೃಷಿ ಹಾರಾಟದಲ್ಲಿ 78 ಅಪಘಾತಗಳಾದವು, 10 ಜನ ಸತ್ತರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಮರುವರ್ಷ ಇದರ ಬಗ್ಗೆ ಪ್ರತ್ಯೇಕ ವರದಿಯನ್ನೇ ತಂದಿತು. ಅದು ಎತ್ತಿ ತೋರಿಸಿದ್ದರಲ್ಲಿ ಒಂದು ಪೈಲಟ್‌ಗಳ ಆಯಾಸ. ಸೀಸನ್ ಶುರುವಾದರೆ ಕತ್ತಲಲ್ಲಿ ಎದ್ದು ಕತ್ತಲಾದ ಮೇಲೆ ಮಲಗೋದು, ಕೀಟ ಭಾನುವಾರ ನೋಡಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, 'ಪೈಲಟ್‌ಗಳು ಹುಷಾರಾಗಿರಬೇಕಪ್ಪ' ಅಂತ ಯಾರಾದರೂ ಹೇಳ್ತಾರೆ. ನಮ್ಮ ಚಾನೆಲ್ ಡಿಬೇಟಿನಲ್ಲಿ ಅಂತೂ ಖಂಡಿತ ಹೇಳ್ತಾರೆ. ಫ್ರೆಡ್ ವೀಕ್ ಅನ್ನುವ ಅಮೆರಿಕದ ಇಂಜಿನಿಯರ್ ಹಾಗೆ ಹೇಳಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ತರಬೇತಿ ವಿಮಾನಗಳು ಅಗ್ಗಕ್ಕೆ ಮಾರಾಟಕ್ಕೆ ಬಂದವು. ಅವಕ್ಕೆ ಟ್ಯಾಂಕ್ ಕೂರಿಸಿ ಹೊಲಕ್ಕೆ ಬಿಟ್ಟರು. ಬೇರೆ ಕೆಲಸಕ್ಕೆ ಹುಟ್ಟಿದ ವಿಮಾನಗಳು. ಬಿದ್ದಾಗ ಪೈಲಟ್‌ನನ್ನು ಉಳಿಸಬೇಕು ಅನ್ನುವ ಯೋಚನೆ ಅವುಗಳ ವಿನ್ಯಾಸದಲ್ಲಿ ಇರಲಿಲ್ಲ. ವೀಕ್ ಟೆಕ್ಸಾಸ್‌ನ ಎ ಅಂಡ್ ಎಂ ಕಾಲೇಜಿನಲ್ಲಿ ಕೂತು, ಹೊಲಕ್ಕೇ ಅಂತ ಒಂದು ವಿಮಾನ ಮಾಡಿದರು. ಹೆಸರು ಎಜಿ-1, ಮೊದಲು ಹಾರಿದ್ದು 1950ರ ಡಿಸೆಂಬರ್ 1ರಂದು. ಅವರ ಯೋಚನೆ ಸರಳ: ಈ ವಿಮಾನ ಒಂದಲ್ಲ ಒಂದು ದಿನ ಬೀಳುತ್ತೆ. ಬಿದ್ದಾಗ ಒಳಗಿರೋನು ಎದ್ದು ನಡೆದು ಬರಬೇಕು.

ಇದರಲ್ಲಿ ಅವರಿಗೆ ನೆರವಾದ ಅಧ್ಯಯನ ಹ್ಯೂ ಡಿಹೇವನ್ ಎಂಬವರದು. ಮೊದಲ ಮಹಾಯುದ್ಧದ ಕಾಲಕ್ಕೆ ಪೈಲಟ್ ತರಬೇತಿಯಲ್ಲಿದ್ದಾಗ ಆಕಾಶದಲ್ಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಬಿದ್ದು ಬದುಕಿದ ಮನುಷ್ಯ. 'ನಾನು ಯಾಕೆ ಉಳಿದೆ?' ಅನ್ನೋ ಪ್ರಶ್ನೆ ಹಿಡಕೊಂಡು ಜೀವಮಾನ ಕಳೆದರು. ಮೊಟ್ಟೆಗಳನ್ನು ಎತ್ತರದಿಂದ ಬೀಳಿಸಿ ಬೀಳಿಸಿ ನೋಡಿದರು. ಬೀಳೋದಷ್ಟೇ ಮೊಟ್ಟೆ ಒಡೆಯಲ್ಲ, ಅದನ್ನು ಹೇಗೆ ಕಟ್ಟಿಟ್ಟಿದ್ದೀವಿ ಅನ್ನೋದು ಒಡೆಯುತ್ತೆ.

ಹಾಗಾಗಿ ಹೊಸ ವಿಮಾನದಲ್ಲಿ ಪೈಲಟ್ ಎತ್ತರದಲ್ಲಿ, ಹಿಂದೆ ಕೂತ. ಮುಂದೆ ಎಂಜಿನ್, ನಡುವೆ ಔಷಧಿ ಟ್ಯಾಂಕ್, ಆಮೇಲೆ ಅವನು. ನೆಲಕ್ಕೆ ಬಡಿದರೆ ಮೊದಲು ಮುಂದಿನದ್ದೆಲ್ಲ ನಜ್ಜುಗುಜ್ಜಾಗಿ ಪೆಟ್ಟು ತಿನ್ನಲಿ ಅಂತ. ಅದೇ ನೂರಾರು ಕೆಜಿ ಬೆನ್ನ ಹಿಂದೆ ಇದ್ದಿದ್ದರೆ? ಲಾರಿ ಬ್ರೇಕ್ ಹಾಕಿದಾಗ ಹಿಂದಿನ ಕಬ್ಬಿಣ ಕ್ಯಾಬಿನ್ನಿಗೆ ನುಗ್ಗೋದನ್ನು ನಾವೇ ಎಷ್ಟು ಸಲ ಸುದ್ದಿ ಮಾಡಿಲ್ಲ. ಭುಜದ ಪಟ್ಟಿ, ತಲೆಗೆ ಬಡಿಯದ ಹಾಗೆ ಪಂಜರದಂಥ ಕಾಕ್‌ಪಿಟ್. ಈ ಜಾತಿಯ ವಿಮಾನಗಳಲ್ಲಿ ಗಾಜಿನ ಮುಂದೆ, ಚಕ್ರದ ಕಾಲುಗಳಿಗೆ ತಂತಿ ಕತ್ತರಿಸುವ ಬ್ಲೇಡು ಇಡ್ತಾರೆ. ಕಾಕ್‌ಪಿಟ್ಟಿನ ನೆತ್ತಿಯಿಂದ ಬಾಲದ ತುದಿಗೆ ಬಿಗಿಯಾದ ಕೇಬಲ್ ಎಳೀತಾರೆ, ಸಿಕ್ಕಿದ ತಂತಿ ಬಾಲಕ್ಕೆ ತೊಡರದೆ ಜಾರಿ ಹೋಗಲಿ ಅಂತ. ನನಗೆ ಫೋನ್ ಮಾಡಿದ ಹಿರಿಯರ ಬದುಕು ಈ ಕಥೆಗೆ ಸೇರೋದು ಇಲ್ಲೇ. ಎಚ್‌ಎಎಲ್ ಬೆಂಗಳೂರಿನಲ್ಲಿ ಮಾಡಿದ ಕೃಷಿ ವಿಮಾನ ಎಚ್‌ಎ-31 ಬಸಂತ್ ಇದೇ ವಂಶದ್ದು. ಮೊದಲ ಮಾದರಿ ಸರಿಬಾರದೆ, ಪೂರ್ತಿ ಬೇರೆ ವಿನ್ಯಾಸ ಮಾಡಿ, 1972ರ ಮಾರ್ಚ್ 30ರಂದು ಹಾರಿಸಿದರು. 1974ರಲ್ಲಿ ಮೊದಲ ವಿಮಾನಗಳು ಕೇಂದ್ರ ಕೃಷಿ ಸಚಿವಾಲಯಕ್ಕೆ ಹೋದವು. 39 ವಿಮಾನ ಮಾಡಿ, 1980ಕ್ಕೆ ನಿಲ್ಲಿಸಿದರು.

'ಆ ಸೀಟು ಅಷ್ಟು ಎತ್ತರ ಯಾಕೆ ಅಂತ ನಾನೂ ಹೊಸದರಲ್ಲಿ ಕೇಳಿದ್ದೆ' ಅಂದರು ಅವರು, ಎರಡನೇ ಸಲ ಮಾತಾಡಿದಾಗ. 'ಮೇಸ್ತ್ರಿ ಏನಂದ್ರು ಗೊತ್ತಾ? ಕಾಣಬೇಕಾದ್ದು ಕಾಣಲಿ ಅಂತ, ಕಾಣದ್ದು ಬಡಿದ್ರೆ ದೂರ ಇರ್ಲಿ ಅಂತ.'

ಆದರೆ ವಿಮಾನವನ್ನು ಎಷ್ಟೇ ಗಟ್ಟಿ ಮಾಡಿ, ಇನ್ನೊಬ್ಬರು ನಿಮ್ಮ ದಾರಿಗೆ ಕಾಣದ ಕಂಬ ನೆಟ್ಟರೆ ಏನು ಮಾಡ್ತೀರಿ? 2011ರ ಜನವರಿ 10. ಕ್ಯಾಲಿಫೋರ್ನಿಯಾದ ಓಕ್ಲಿ ಬಳಿ ನದಿ ಮುಖಜಭೂಮಿಯ ಒಂದು ದ್ವೀಪ. ಹೊಲದ ಮೇಲೆ ಕೆಲಸ ಮಾಡ್ತಿದ್ದ ಕೃಷಿ ವಿಮಾನ ಗಾಳಿ ಅಳೆಯುವ ಕಂಬವೊಂದಕ್ಕೆ ಬಡಿದು ಪೈಲಟ್ ಸತ್ತರು. ನಮ್ಮ ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿ ವಿದ್ಯುತ್ ಯಂತ್ರ ಹಾಕೋಕೆ ಮುಂಚೆ ಗಾಳಿ ಎಷ್ಟು ಬೀಸುತ್ತೆ ಅಂತ ನೋಡೋಕೆ ನೆಡ್ತಾರಲ್ಲ, ಅದೇ ಥರದ್ದು. ಬೋರ್‌ವೆಲ್ ಕೇಸಿಂಗ್ ಪೈಪಿನಷ್ಟು ದಪ್ಪ, ಬೂದು ಬಣ್ಣ, ನಾಲ್ಕೂ ಕಡೆ ಬಿಗಿದ ತೆಳು ತಂತಿಗಳು. ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತೆ. ನಿನ್ನೆ ಇಲ್ಲದ್ದು ಇವತ್ತು ಇರುತ್ತೆ.

ಈಗ ಕೇಳಿ. ಅಮೆರಿಕದ ನಿಯಮದಂತೆ 200 ಅಡಿಗಿಂತ ಎತ್ತರದ್ದನ್ನು ಕಟ್ಟಿದರೆ ವಿಮಾನಯಾನ ಇಲಾಖೆಗೆ ತಿಳಿಸಬೇಕು, ಬಣ್ಣ ಬಳಿಯೋದು, ದೀಪ ಹಾಕೋದು ಎಲ್ಲ ಆಮೇಲೆ ಬರುತ್ತೆ. ಆ ಕಂಬದ ಎತ್ತರ ಎಷ್ಟಿತ್ತು? 200 ಅಡಿಗೆ ಸ್ವಲ್ಪವೇ ಕಡಿಮೆ. ಇಂಥ ಕಂಬಗಳು ಬಹಳಷ್ಟು ಅಷ್ಟೇ ಎತ್ತರಕ್ಕೆ ನಿಲ್ತಿದ್ದವು. ಕಾನೂನು ಯಾರೂ ಮುರಿದಿಲ್ಲ. 200 ಅಡಿ ಕೆಳಗೆ ವಿಮಾನ ಹಾರೋದೇ ಇಲ್ಲ ಅಂತ ಅಂದುಕೊಂಡ ನಿಯಮ ಅದು. ಅದರ ಕೆಳಗೆ ಹಾರೋದನ್ನೇ ಕಸುಬು ಮಾಡ್ಕೊಂಡ ಜನ ಲೆಕ್ಕಕ್ಕೇ ಬರಲಿಲ್ಲ. ಬಣ್ಣ ಬಳಿಯೋ ಖರ್ಚು ಉಳಿಯಿತು. ಸ್ವಾಮಿ, ನನಗೆ ಸಿಟ್ಟು ಬರೋದು ಇಲ್ಲಿ. ಆ ಪೈಲಟ್ ಕಂಬ ಹುಡುಕೋದನ್ನು ಕಲಿತವನೇ. ಕಂಬವನ್ನೇ ಕಾಣದ ಹಾಗೆ ಬಿಟ್ಟರೆ ಅವನ ಕಲಿಕೆ ಯಾವ ಕೆಲಸಕ್ಕೆ?

ಅದೇ ವರ್ಷ ಇಲಾಖೆ 'ಬಣ್ಣ ಬಳಿದರೆ ಒಳ್ಳೇದು' ಅನ್ನುವಂಥ ಸಲಹೆ ಕೊಟ್ಟಿತು. ಕಡ್ಡಾಯವಲ್ಲ. ಸುರಕ್ಷತಾ ಮಂಡಳಿ ಕಡ್ಡಾಯ ಮಾಡಿ ಅಂತ 2013ರಲ್ಲಿ ಒತ್ತಾಯಿಸಿತು. ಕೆಲವು ರಾಜ್ಯಗಳು ತಾವೇ ಕಾನೂನು ತಂದವು. ಗಿಡ್ಡ ಕಂಬಗಳಿಗೂ ಗುರುತು ಬೇಕು ಅಂತ ಅಮೆರಿಕದ ಸಂಸತ್ತು ಹೇಳಿದ್ದು 2016ರಲ್ಲಿ. ಕಿತ್ತಳೆ, ಬಿಳಿ ಪಟ್ಟೆ, ತಂತಿಗೆ ಬಣ್ಣದ ಚೆಂಡು. ನಮ್ಮಲ್ಲಿ ಒಂದು ಮನೆಯ ಕಾಂಪೌಂಡಿಗೆ ಬಳಿಯುವಷ್ಟು ಪೇಂಟ್.

ನಮ್ಮಲ್ಲಿ ಈಗ ಡ್ರೋನ್ ಬಂದಿದೆ. ಸಿಂಧನೂರು ಕಡೆ ಭತ್ತದ ಮೇಲೆ ಅದು ಹಾರೋದನ್ನು ಶೂಟಿಂಗಿಗೆ ಹೋದಾಗ ನೋಡಿದೆ. ಬಿದ್ದರೆ ಹೋಗೋದು ಯಂತ್ರ, ಪೈಲಟ್ ಬದುವಿನ ಮೇಲೆ ನಿಂತಿರ್ತಾನೆ. ಇದು ಸಣ್ಣ ಲಾಭ ಅಲ್ಲ. ಆದರೆ ತಂತಿ ಅದೇ ತಂತಿ, ಗಾಳಿ ಅದೇ ಗಾಳಿ. ಡ್ರೋನ್ ಎತ್ತೋ ಮೊದಲು ಆ ಹುಡುಗ ಹೊಲದ ಸುತ್ತ ಒಂದು ರೌಂಡ್ ನಡೆದ. ನಾನು ಕ್ಯಾಮೆರಾ ಹಿಂದೆ ನಿಂತು, ಅವನ ಕಣ್ಣು ಎಲ್ಲಿ ಹೋಗುತ್ತೆ ಅಂತಲೇ ನೋಡ್ತಿದ್ದೆ. ಟ್ರಾನ್ಸ್‌ಫಾರ್ಮರ್ ಕಂಬ ನೋಡಿದ, ಅಲ್ಲಿಂದ ಮೋಟರ್ ಮನೆ ನೋಡಿದ, ಎರಡರ ನಡುವೆ ಗಾಳಿಯಲ್ಲಿ ಬೆರಳಿಂದ ಒಂದು ಗೆರೆ ಎಳೆದ.

ಅಂದ ಹಾಗೆ, ಆ ಇಪ್ಪತ್ತೆರಡು ಸೆಕೆಂಡಿನ ವಿಡಿಯೋವನ್ನು ಮಾರನೇ ದಿನ ಮತ್ತೆ ಹಾಕಿದೆವು. ಮ್ಯೂಸಿಕ್ ಇಲ್ಲದೆ, ನಿಧಾನವಾಗಿ, ನಾಲ್ಕನೇ ತಂತಿಗೆ ಕೆಂಪು ಗೆರೆ ಎಳೆದು. ಟಿಆರ್‌ಪಿ ಎಷ್ಟು ಬಂತು ಅಂತ ಕೇಳಬೇಡಿ. ಹಿರಿಯರು ಮಾತ್ರ ಫೋನ್ ಮಾಡಿ, 'ಗೆರೆ ಒಂಚೂರು ಮೇಲೆ ಬರಬೇಕಿತ್ತು' ಅಂದರು.